ಪಕ್ಕದ ಗೇಟಿನಿಂದ ಬಂದ ನೆಂಟರು

ಕಾಪುವಿನ ನಮ್ಮ ಓಣಿಯಲ್ಲಿ ಬ್ಯಾರಿಗಳ, ಅಂದರೆ ಕರಾವಳಿಯ ಮುಸ್ಲಿಮರ, ಮನೆಯಲ್ಲಿ ಮದುವೆಯಾದರೆ ಎರಡು ಒಲೆ ಉರಿಯುತ್ತವೆ. ಒಂದು ಅವರದ್ದು, ಇನ್ನೊಂದು ನಮ್ಮದು. ನಮ್ಮ ಒಲೆಗೆ ನಮ್ಮ ಕಡೆಯ ಅಡಿಗೆಯವರು, ನಮ್ಮ ಕಡೆಯ ಪಾತ್ರೆ. ಖರ್ಚೆಲ್ಲ ಮದುವೆ ಮನೆಯದ್ದು. ಆ ಒಲೆಯ ಬಳಿ ನಮ್ಮ ಮನೆಯ ಹಿರಿಯರೊಬ್ಬರು ನಿಲ್ಲುವುದು ಪದ್ಧತಿ. ಅವರನ್ನು ಕಂಡರೆ ಓಣಿಯ ಹಿಂದೂಗಳೆಲ್ಲ ಸಂಶಯವಿಲ್ಲದೆ ಊಟಕ್ಕೆ ಕೂರುತ್ತಾರೆ. ಮೀನಿನ ವ್ಯಾಪಾರದಲ್ಲೇ ಮುದುಕರಾದ ನನ್ನ ಅಪ್ಪ ಬಹಳ ಕಾಲ ಆ ಕೆಲಸ ಮಾಡಿದರು. ಮೂಲೆಯಲ್ಲಿ ನಿಂತರೆ ಆಗದು, ನಾಲ್ಕು ಜನರಿಗೆ ಕಾಣುವ ಹಾಗೆ ನಿಲ್ಲಬೇಕು ಎಂದು ನನಗೆ ಕಲಿಸಿದವರೂ ಅವರೇ. ಅಪ್ಪನ ನಂತರ ವ್ಯಾಪಾರವೂ ಒಲೆಯೂ ನನ್ನ ಪಾಲಿಗೆ ಬಂದವು.

ಕಳೆದ ವರ್ಷ ಪಕ್ಕದ ಮನೆಯ ಬ್ಯಾರಿಗಳ ಒಬ್ಬಳೇ ಮಗಳ ಮದುವೆ. ಹುಡುಗಿಗೆ ಮಣಿಪಾಲದಲ್ಲಿ ಲ್ಯಾಬಿನ ಕೆಲಸ. ಬಾಲವಾಡಿಗೆ ಹೋಗುವ ವಯಸ್ಸಿನಲ್ಲೇ ತಾಯಿ ತೀರಿಕೊಂಡಿದ್ದಳು. ಅಲ್ಲಿಂದ ಹೈಸ್ಕೂಲು ಮುಗಿಯುವವರೆಗೆ ಅವಳ ತಲೆ ಬಾಚಿ ಜಡೆ ಹಾಕಿದ್ದು ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಬಾಚಿದ ಮೇಲೆ ಗಲ್ಲ ಹಿಡಿದು ಮುಖ ತಿರುಗಿಸಿ, ಒಮ್ಮೆ ನೋಡಿಯೇ ಶಾಲೆಗೆ ಬಿಡುತ್ತಿದ್ದರು. ಹಾಗಾಗಿ ಮದುವೆ ನಿಶ್ಚಯವಾದ ದಿನವೇ ಹುಡುಗಿ ಹೇಳಿಬಿಟ್ಟಿದ್ದಳು, "ಮಲ್ಲಿಗೆ ಮುಡಿಸಲಿಕ್ಕೆ ಮಾಮಿಯೇ ಬರಬೇಕು. ಬ್ಯೂಟಿಪಾರ್ಲರಿನವರು ಬೇಡ."

ಆ ಹೊತ್ತಿಗೆ ಒಂದು ಹೊಲಸು ಶುರುವಾಗಿತ್ತು. ಆಚೆ ಊರಿನ ಇಂಥದೇ ಮದುವೆಯ ವಿಡಿಯೋದಿಂದ ಊಟಕ್ಕೆ ಕೂತವರ ಚಿತ್ರ ತೆಗೆದು, ಹಿಂದೂಗಳ ಮುಖಕ್ಕೆ ಕೆಂಪು ಸುತ್ತು ಹಾಕಿ, ವಾಟ್ಸಪ್ಪಿನ ಗ್ರೂಪೊಂದರಲ್ಲಿ ಹಂಚಿದ್ದರು. ಕೆಳಗೆ ಬರೆದದ್ದನ್ನು ಇಲ್ಲಿ ಬರೆದರೆ ನನ್ನ ಕೈ ತೊಳೆಯಬೇಕಾದೀತು. ನಮ್ಮ ಓಣಿಯವರು ಅದನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಅಣ್ಣ ಫೋನು ಮಾಡಿ ಕೇಳಿದ್ದು ಇಷ್ಟೇ, "ಅಲ್ಲಿ ವಿಡಿಯೋದವ ಬರ್ತಾನಾ?"

"ಮದುವೆ ಅಲ್ವಾ ಮಾರಾಯ, ಬರದೆ ಎಂತ?"

"ಹಾಗಾದ್ರೆ ನಮ್ಮ ಒಲೆ ಕಡೆ ಕ್ಯಾಮೆರಾ ತಿರುಗಿಸಬಾರದು ಅಂತ ಹೇಳು. ಊಟಕ್ಕೆ ಬರುವುದಕ್ಕೆ ನಮಗೇನೂ ತಕರಾರಿಲ್ಲ."

ಅದನ್ನು ಬ್ಯಾರಿಗಳಿಗೆ ಹೇಗೆ ಹೇಳುವುದು? ಹೇಳಿದೆ. ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, "ಆಯ್ತು ಅಣ್ಣ, ಮದುವೆ ಹಾಲ್‌ನ ಪಕ್ಕದ ಗೇಟು ತೆಗೆಸಿಡ್ತೇನೆ. ಆ ಕಡೆ ಪರದೆಯೂ ಕಟ್ಟಿಸ್ತೇನೆ. ಅವರಿಗೆ ತೊಂದರೆ ಆಗುವುದು ಬೇಡ" ಅಂದರು. ತೊಂದರೆ ಯಾರಿಗೆ ಅಂತ ಆ ಮನುಷ್ಯನಿಗೆ ಹೊಳೆಯಲೇ ಇಲ್ಲವೋ, ಹೊಳೆದೂ ನುಂಗಿದರೋ.

ಮದುವೆಯ ದಿನ ಹಾಲ್‌ನ ಪಕ್ಕದ ಗೇಟಿನಿಂದ ನಮ್ಮವರು ಬಂದರು, ಕಳ್ಳು ಕುಡಿಯಲು ಬಂದವರ ಹಾಗೆ. ಕೊರೋನಾ ಕಾಲದ ಮಾಸ್ಕು ಒಬ್ಬನ ಮುಖದ ಮೇಲೆ ಮತ್ತೆ ಏರಿತ್ತು. ಇನ್ನೊಬ್ಬ ಹೆಲ್ಮೆಟ್ ತೆಗೆಯದೆ ಒಳಗೆ ಬಂದು, ಪರದೆ ಸರಿಯಾಗಿ ಉಂಟಾ ಎಂದು ಎಳೆದು ನೋಡಿ, ಆಮೇಲೆ ತೆಗೆದ. ಕೂತ ಮೇಲೆ ಹಸಿವಿಗೇನೂ ಕಡಿಮೆಯಿರಲಿಲ್ಲ. ಕೋಳಿ ಸುಕ್ಕದ ಪಾತ್ರೆಗೆ ಸೌಟು ತಾಗಿದ ಸದ್ದು ನಿಲ್ಲಲಿಲ್ಲ.

ಹೆಲ್ಮೆಟಿನವ ಬೆರಳು ನೆಕ್ಕುತ್ತಾ ಪಕ್ಕದವನಿಗೆ ಹೇಳಿದ, "ಎಷ್ಟಾದರೂ ಇವರನ್ನು ಹೆಚ್ಚು ಹತ್ತಿರ ಸೇರಿಸಿಕೊಳ್ಳಬಾರದು, ಅಲ್ವಾ?" ಮರುಕ್ಷಣ ನನ್ನ ಕಡೆ ತಿರುಗಿ, "ತುಪ್ಪದನ್ನ ಇನ್ನೊಮ್ಮೆ ಬರ್ಲಿ."

"ಹತ್ತಿರ ಸೇರಿಸಿಕೊಳ್ಳಬಾರದವರ ಅನ್ನ, ಹೊಟ್ಟೆಯೊಳಗೆ ಎಲ್ಲಿ ಇಡ್ತೀ?" ಎಂದು ಕೇಳಿದೆ. ತಮಾಷೆ ಅಂದುಕೊಂಡು ಎಲ್ಲರೂ ನಕ್ಕರು. ಅವನೂ ನಕ್ಕ. ಮೀನು ಹಳಸಿದರೆ ನನಗೆ ಮಾರು ದೂರದಿಂದ ಗೊತ್ತಾಗುತ್ತದೆ, ಮಂಜುಗಡ್ಡೆ ಸುರಿದು ಮುಚ್ಚಬಹುದು, ಬಿಸಾಡಬಹುದು. ಆ ನಗೆಯನ್ನು ಏನು ಮಾಡುವುದೆಂದು ನನಗೆ ಗೊತ್ತಾಗಲಿಲ್ಲ.

ಕಡೆಗೆ ಅತ್ತಿಗೆ ಬಂದರು. ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಕೈಯಲ್ಲಿತ್ತು. ಹುಡುಗಿ ಮೇಲಿನ ಕೋಣೆಯಲ್ಲಿ ಜಡೆ ಹಾಕಿಸಿಕೊಂಡು ಕಾಯುತ್ತಿದ್ದಳು.

"ಮೇಲೆ ಹೋಗಿ ಅತ್ತಿಗೆ, ಕೂಗಿ ಕೂಗಿ ಸಾಕಾಯ್ತು ಅವಳಿಗೆ."

"ಅಲ್ಲಿ ಎಲ್ಲರ ಕೈಯಲ್ಲೂ ಮೊಬೈಲು" ಎಂದರು ಅತ್ತಿಗೆ. "ನಮ್ಮ ಹುಡುಗನಿಗೆ ಕಾರ್ಕಳದಲ್ಲಿ ಹೆಣ್ಣು ನೋಡಿದ್ದು ನಿನಗೆ ಗೊತ್ತುಂಟಲ್ಲ. ಅವರ ಮನೆಯವರೆಲ್ಲ ಆ ಗ್ರೂಪಿನಲ್ಲೇ ಇದ್ದಾರೆ. ನೀನೇ ಹೂ ಕೊಟ್ಟು ಬಾ."

ನಾನು ಕೈ ಚಾಚಲಿಲ್ಲ. ಅಷ್ಟರಲ್ಲಿ ಹುಡುಗಿಯೇ ಇಳಿದು ಬಂದಳು. ಹಿಂದೆ ಬಂದ ಗೆಳತಿಯರನ್ನು ಪರದೆಯ ಆಚೆಯೇ ನಿಲ್ಲಿಸಿದಳು. ಪ್ಲಾಸ್ಟಿಕ್ ಕುರ್ಚಿ ಎಳೆದು ಅತ್ತಿಗೆಗೆ ಬೆನ್ನು ಹಾಕಿ ಕೂತಳು.

"ಮುಡಿಸಿ ಮಾಮಿ. ಮೇಲಿಂದ ಶಾಲು ಬರ್ತದೆ. ಯಾರು ಮುಡಿಸಿದ್ದು ಅಂತ ಗೊತ್ತಾಗುವುದು ಬಿಡಿ, ಹೂವೇ ಕಾಣುವುದಿಲ್ಲ."

ಅತ್ತಿಗೆ ಹೇರ್‌ಪಿನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಡಿಸಿದರು. ಕೈ ಅದೇ ಹಳೆಯ ಕೈ, ಒಂದು ಮೊಗ್ಗೂ ಉದುರಲಿಲ್ಲ. ಆದರೆ ಕಣ್ಣು ಗೇಟಿನ ಮೇಲೇ ಇತ್ತು. ಮುಗಿಸಿ, ಶಾಲನ್ನು ಹೂವಿನ ಮೇಲೆ ಬಿಗಿಯಾಗಿ ಎಳೆದು, ಕೈ ತೊಳೆಯಲು ನಲ್ಲಿಯ ಕಡೆ ಹೋಗಿಬಿಟ್ಟರು. ಹುಡುಗಿ ಕೂತೇ ಇದ್ದಳು, ಗಲ್ಲ ಸ್ವಲ್ಪ ಮೇಲೆತ್ತಿಕೊಂಡು. ತಿರುಗಿಸಲು ಯಾರೂ ಇಲ್ಲವೆಂದು ಗೊತ್ತಾಗಲು ಅವಳಿಗೆ ಒಂದಷ್ಟು ಹೊತ್ತು ಬೇಕಾಯಿತು. ಆಮೇಲೆ ಎದ್ದು, ಶಾಲು ಸರಿಮಾಡಿಕೊಂಡು, ನನ್ನ ಮುಖ ನೋಡದೆ ಮೇಲೆ ಹೋದಳು.

ಅತ್ತಿಗೆ ಹೊರಡುವಾಗ ಬ್ಯಾರಿಗಳು ಊಟದ ಡಬ್ಬಿ ಹಿಡಿದು ಓಡಿ ಬಂದರು. "ಬಂದಿರಲ್ಲ ಅಕ್ಕ, ಅದೇ ದೊಡ್ಡದು" ಎಂದರು. ನಿಜವಾಗಿಯೂ ಹಾಗೇ ಅಂದರು, ಕೈಮುಗಿದು. ಅತ್ತಿಗೆ ಡಬ್ಬಿ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿದರು.

ಗೇಟಿನವರೆಗೆ ನಾನು ಜೊತೆಗೆ ಹೋದೆ. ರಸ್ತೆಗೆ ಇಳಿಯುವ ಮೊದಲು ನಿಂತು, ಪಿಸುದನಿಯಲ್ಲಿ ಕೇಳಿದರು, "ನಾನು ಯಾವ ಫೋಟೋದಲ್ಲೂ ಬಂದಿಲ್ಲ, ಅಲ್ವಾ?"

"ಇಲ್ಲ" ಎಂದೆ. "ಒಂದರಲ್ಲೂ ಇಲ್ಲ."

ಅವರ ಮುಖಕ್ಕೆ ನೆಮ್ಮದಿ ಬಂತು.