ರೈಲಿಗೆ ಬಸ್ಸು ಹೊಲಿದ ಕತ್ತರಿಯಕ್ಕ

ಹೊಲಿಗೆಯಂಗಡಿಯ ಯಜಮಾನಿಗೆ ಕತ್ತರಿಯಕ್ಕ ಎಂದು ಹೆಸರಿಟ್ಟವರು ಅವಳ ಕೈ ನೋಡಿ ಇಟ್ಟರೋ ನಾಲಿಗೆ ನೋಡಿ ಇಟ್ಟರೋ ಎಂಬ ಚರ್ಚೆ ಆ ಬೀದಿಯಲ್ಲಿ ಇನ್ನೂ ಮುಗಿದಿಲ್ಲ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಗೆ ಆನಿಸಿಟ್ಟ ಒಂದು ಮೆಷಿನ್ನು, ಮೊಳೆಗೆ ತೂಗುಬಿದ್ದ ಅಳತೆ ಟೇಪು, ನೆಲದ ತುಂಬ ಬಟ್ಟೆಯ ಚೂರು, ಬಾಗಿಲ ಹಿಂದೆ ಗುಂಡಿಗಾಗಿ ಕಾಯುತ್ತಿರುವ ಶರ್ಟುಗಳು. ಗಂಡ ತೀರಿಕೊಂಡ ಮೇಲೆ ಆ ಮೆಷಿನ್ನು ತುಳಿದೇ ಮಗಳನ್ನು ಓದಿಸಿದಳು. ಮಗಳು ಓದಿ, ಪೇಟೆಯ ಕಣ್ಣಾಸ್ಪತ್ರೆಯಲ್ಲಿ ಕೆಲಸ ಹಿಡಿದಳು. ಪೇಟೆಗೆ ರೈಲಿನಲ್ಲಿ ಹೋಗಬೇಕು. ತಕರಾರು ಶುರುವಾದದ್ದು ಅಲ್ಲಿಂದ.

ರೈಲಿಗೇನೂ ದಾಡಿಯಿರಲಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ದಾಡಿಯಿದ್ದದ್ದು ಸ್ಟೇಷನ್ನಿಗೆ. ಕಟ್ಟಿದವರು ಊರಿನ ಮೇಲೆ ಮುನಿಸಿಕೊಂಡವರ ಹಾಗೆ ಅದನ್ನು ದೂರದ ಬಯಲಿನಲ್ಲಿ ಕಟ್ಟಿ ಕೈ ತೊಳೆದುಕೊಂಡಿದ್ದರು. ಬಸ್ಸುಗಳು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಿದ್ದರು. ಕೆಲವು ವಾರ ಒದ್ದಾಡಿದ ಮಗಳು ಕೊನೆಗೆ ಹೇಳಿಬಿಟ್ಟಳು: "ಅಮ್ಮಾ, ಪೇಟೇಲೇ ಒಂದು ರೂಮು ಮಾಡ್ತೀನಿ. ತಿಂಗಳಿಗೊಂದ್ಸಲ ಬಂದು ನಿನ್ನ ನೋಡ್ಕೊಂಡು ಹೋಗ್ತೀನಿ."

"ನೋಡ್ಕೊಂಡು ಹೋಗೋಕೆ ನಾನೇನು ಮ್ಯೂಸಿಯಮ್ಮಾ?" ಎಂದಳು ಕತ್ತರಿಯಕ್ಕ.

ಬಾಯಿ ಜೋರಾಗಿಯೇ ಇತ್ತು, ಆದರೆ ಆ ದಿನ ಹೊಲಿದ ಲಂಗಕ್ಕೆ ಸೊಂಟದ ಪಟ್ಟಿ ತಲೆಕೆಳಗಾಗಿ ಕೂತಿತು. ಹೊಲಿಗೆ ಬಿಚ್ಚುತ್ತ ಕೂತವಳಿಗೆ, ಇವಳೂ ಹೋದರೆ ಈ ಮನೆಯಲ್ಲಿ ಜಗಳಕ್ಕಾದರೂ ಯಾರಿದ್ದಾರೆ ಎನಿಸಿತು. ಮಗಳು ಹೋಗಕೂಡದು, ಹಾಗಂತ ಕೆಲಸ ಬಿಡು ಎನ್ನಲೂ ಬಾಯಿ ಬಾರದು. ಪಟ್ಟಿ ಪೂರ್ತಿ ಬಿಚ್ಚುವ ಹೊತ್ತಿಗೆ ತಲೆಗೆ ಹೊಳೆಯಿತು: ಯಾವ ಬಸ್ಸೂ ಬರದಿದ್ದರೆ ಕತ್ತೆ ಬಾಲ, ಬೀದಿಯವರೆಲ್ಲ ಸೇರಿ ಒಂದು ಬಸ್ಸು ಇಟ್ಟುಕೊಂಡರಾಯಿತು.

ಚಂದಾ ಎತ್ತಲು ಅವಳು ಮನೆಮನೆ ಅಲೆಯಲಿಲ್ಲ. ಗಿರಾಕಿಗಳು ತಾವಾಗಿ ಬಂದು ಕೈಯಗಲಿಸಿ ನಿಲ್ಲುತ್ತಿದ್ದರು. ಕೊರಳ ಸುತ್ತಳತೆಗೆ ಟೇಪು ಸುತ್ತಿ, ಅದನ್ನು ಹಾಗೇ ಹಿಡಿದುಕೊಂಡು, "ಬಸ್ಸಿಗೆ ಎಷ್ಟು ಕೊಡ್ತೀರಾ?" ಎನ್ನುತ್ತಿದ್ದಳು. ಆ ಸ್ಥಿತಿಯಲ್ಲಿ ಯಾವ ಗಂಡಸೂ ಇಲ್ಲ ಎನ್ನಲಾರ. ಬಿಗಿಮುಷ್ಟಿಗೆ ಹೆಸರಾದ ಬೇಕರಿಯವನು ಕೂಡ ಬಿಚ್ಚಿದ. ನಿವೃತ್ತ ಮೇಷ್ಟ್ರು ಮಾತ್ರ ಒಂದು ಅನುಮಾನ ಎತ್ತಿದರು. ಅವರು ಮೊಮ್ಮಗಳಿಗೆ ಪಾಠ ಹೇಳಲು ದಿನಾ ಪೇಟೆಗೆ ಹೋಗುವವರು.

"ದುಡ್ಡು ಕೊಡೋಣಮ್ಮ. ನಾನು ಬರೋದು ಸ್ವಲ್ಪ ಹಿಂದುಮುಂದಾದ್ರೆ ಬಿಟ್ಟು ಹೋಗ್ತೀರೋ?"

"ಶಿವನೇ! ನಿಮ್ಮ ದುಡ್ಡು, ನಿಮ್ಮ ಬಸ್ಸು. ನಿಮ್ಮನ್ನ ಬಿಟ್ಟು ಚಕ್ರ ಉರುಳಿದ್ರೆ ನನ್ನನ್ನ ಕೇಳಿ," ಎಂದು ಅವಳು ಎದೆ ತಟ್ಟಿಕೊಂಡಳು. ಈ ಮಾತು ಕೆಲಸ ಮಾಡಿದ್ದನ್ನು ಕಂಡು, ಆಮೇಲೆ ಬಂದ ಪ್ರತಿಯೊಬ್ಬರಿಗೂ ಇದನ್ನೇ ಹೇಳಿದಳು. ಅಲ್ಲೇ ಎಡವಟ್ಟಾದದ್ದು.

ಶಾಲೆಯೊಂದರ ಹಳೆಯ ವ್ಯಾನು ಸಿಕ್ಕಿತು. ಅದನ್ನೇ ಓಡಿಸಿ ನಿವೃತ್ತನಾಗಿದ್ದ ಮುದುಕ, ಬೀದಿಗೆಲ್ಲ ಡ್ರೈವರ್ ತಾತ, ಬಿಟ್ಟುಹೋದ ನಂಟು ಮರಳಿ ಸಿಕ್ಕವನ ಹಾಗೆ ಸ್ಟೀರಿಂಗು ಸವರಿ ಕೂತ. ಉಸ್ತುವಾರಿಗೆ ಕತ್ತರಿಯಕ್ಕನೇ ಬಾಗಿಲ ಬಳಿ ನಿಂತಳು. ಮೊದಲ ದಿನ ಬೇಕರಿಯವನು ಬನ್ನಿನ ಟ್ರೇಗಳನ್ನು ಒಂದೊಂದಾಗಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸುವವರೆಗೆ ಬಸ್ಸು ಕಾಯಿತು. ಮೇಷ್ಟ್ರ ಮನೆಯ ಮುಂದೆ ತಾತ ಹಾರ್ನ್ ಒತ್ತಿದರೆ, ಅವರು ಅರ್ಧ ಬೋಳಿಸಿದ ಗಡ್ಡದಲ್ಲೇ ಕಿಟಕಿಗೆ ಬಂದು, "ಬಂದೇಬಿಟ್ಟೆ, ನಮ್ಮ ಬಸ್ಸೇ ಅಲ್ವಾ!" ಎಂದು ಉಳಿದರ್ಧ ಬೋಳಿಸಲು ಒಳಗೆ ಹೋದರು. ಇನ್ನೊಬ್ಬಳು ಬಸ್ಸನ್ನು ನಿಲ್ಲಿಸಿಕೊಂಡೇ ಮಗುವಿನ ಜಡೆ ಹಾಕಿದಳು. ಎಲ್ಲರೂ ಮಾಲೀಕರು, ಯಾರಿಗೆ ಯಾರು ಹೇಳುವುದು? ಬಸ್ಸು ಸ್ಟೇಷನ್ನು ಮುಟ್ಟುವಾಗ ರೈಲು ಹೊರಟಾಗಿತ್ತು. ಮಾಲೀಕರೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ನಿಂತು ಅದರ ಬೆನ್ನು ನೋಡಿದರು.

ಮಾರನೆಯ ದಿನವೂ ಅದೇ ರಾಮಾಯಣ. ಅದರ ಮಾರನೆಯ ದಿನವೂ. ಆಸ್ಪತ್ರೆಯಲ್ಲಿ ಬೈಸಿಕೊಂಡು ಬಂದ ಮಗಳು ಚಪ್ಪಲಿ ಬಿಡುತ್ತಲೇ ಹೇಳಿದಳು: "ಇನ್ನೊಂದ್ಸಲ ರೈಲು ತಪ್ಪಲಿ, ಅವತ್ತೇ ಆ ರೂಮಿಗೆ ಮುಂಗಡ ಕೊಟ್ಟು ಬರ್ತೀನಿ. ಇದು ಬಸ್ಸಲ್ಲ ಅಮ್ಮಾ, ಮದುವೆ ದಿಬ್ಬಣ."

ಕತ್ತರಿಯಕ್ಕ ಲೆಕ್ಕ ಹಾಕಿದಳು: ಯಾರನ್ನಾದರೂ ಒಬ್ಬರನ್ನು ಬಿಟ್ಟು ಹೊರಡಬೇಕು, ಆಗಲೇ ಉಳಿದವರಿಗೆ ಬಿಸಿ ಮುಟ್ಟುತ್ತದೆ. ಆದರೆ ಯಾರನ್ನು? ಮೇಷ್ಟ್ರನ್ನು ಬಿಟ್ಟರೆ ದುಡ್ಡು ವಾಪಸು ಕೇಳುತ್ತಾರೆ, ಬೇಕರಿಯವನನ್ನು ಬಿಟ್ಟರೆ ಜನ್ಮಾಂತರದ ದ್ವೇಷ. ಎಲ್ಲರಿಗೂ ಮಾತು ಕೊಟ್ಟು ಕೂತಿದ್ದಾಳೆ. ಮಾತು ಕೊಡದೆ ಉಳಿದವರು ಬೀದಿಯಲ್ಲಿ ಒಬ್ಬರೇ ಎಂಬುದು ಆಗ ಅವಳ ತಲೆಗೆ ಬರಲಿಲ್ಲ.

ಬೆಳಗ್ಗೆ ಅದೇನು ಪುಣ್ಯವೋ, ಮೇಷ್ಟ್ರು ನುಣ್ಣಗೆ ಬೋಳಿಸಿಕೊಂಡು ಹತ್ತಿದರು, ಬನ್ನುಗಳೂ ಹತ್ತಿದವು. ಇನ್ನೇನು ಹೊರಡಬೇಕು, ಮಗಳು ಸೀಟಿನಿಂದೆದ್ದಳು. "ಅಯ್ಯೋ, ಆಸ್ಪತ್ರೆ ಐಡಿ ಕಾರ್ಡು!" ಎಂದು ಇಳಿದು ಮನೆಯೊಳಗೆ ಓಡಿದಳು. ಒಳಗೆ ಡಬ್ಬಿ ಬೀಳುವ ಸದ್ದು ಕೇಳಿತು, ಬೀರು ತೆಗೆಯುವ ಸದ್ದು ಕೇಳಿತು. ಮಗಳು ಮಾತ್ರ ಬರಲಿಲ್ಲ.

"ಇರಲಿ ಬಿಡಮ್ಮ, ನಿನ್ನ ಮಗಳಲ್ವಾ, ಕಾಯೋಣ," ಎಂದರು ಮೇಷ್ಟ್ರು ಧಾರಾಳವಾಗಿ.

ಆ ಧಾರಾಳತನದ ಬೆಲೆ ಕತ್ತರಿಯಕ್ಕನಿಗೆ ಗೊತ್ತಿತ್ತು. ಇವತ್ತು ಮಗಳಿಗೆ ಕಾದರೆ ನಾಳೆ ಮೇಷ್ಟ್ರಿಗೆ ಯಾವ ಬಾಯಲ್ಲಿ ಬೇಡ ಎನ್ನುವುದು? ಬಿಟ್ಟು ಹೋದರೆ ಇವತ್ತೇ ರೂಮಿನ ಮುಂಗಡ. ಯಾರಿಗಾಗಿ ಬಸ್ಸು ಕಟ್ಟಿದಳೋ ಅವಳೇ ಒಳಗೆ ಬೀರು ತಡಕುತ್ತಿದ್ದಾಳೆ. ಕಾಯುತ್ತೇನೆಂದು ಮಾತು ಕೊಡದೆ ಉಳಿದವಳೂ ಅವಳೊಬ್ಬಳೇ. ಕತ್ತರಿಯಕ್ಕ ಕಣ್ಣು ಮುಚ್ಚಿ ಬಾಗಿಲು ಎಳೆದುಕೊಂಡಳು.

"ಹೊರಡಿ, ತಾತ."

"ಮಗು ಇನ್ನೂ..."

"ಹೊರಡಿ ಅಂದೆ!"

ಅವತ್ತು ಮೊದಲ ಬಾರಿಗೆ ರೈಲು ಸಿಕ್ಕಿತು. ಬೀದಿಯಲ್ಲೆಲ್ಲ ಒಂದೇ ಮಾತು: ಹೆತ್ತ ಮಗಳನ್ನೇ ಬಿಟ್ಟು ಹೋದವಳಿಗೆ ನಾವು ಯಾವ ಲೆಕ್ಕ!

ಕತ್ತರಿಯಕ್ಕ ಮನೆಗೆ ಬಂದಾಗ ಮಗಳು ಆಟೋ ಹಿಡಿದು ಹೋಗಿಯಾಗಿತ್ತು. ಸಂಜೆ ಬಂದವಳು ಉಂಡು ಗೋಡೆಗೆ ಮುಖ ಮಾಡಿ ಮಲಗಿದಳು. ಬೈದಿದ್ದರಾದರೂ ಎದುರುತ್ತರ ಕೊಡಬಹುದಿತ್ತು. ಮುಂಗಡ ಕೊಟ್ಟೆಯಾ ಎಂದು ಕೇಳುವ ಧೈರ್ಯ ಆ ಹರಿತ ನಾಲಿಗೆಗೆ ಬರಲಿಲ್ಲ.

ಬೆಳಗಾಗಿ ಎದ್ದು ನೋಡಿದರೆ ಮಗಳ ಹಾಸಿಗೆ ಖಾಲಿ. ಬ್ಯಾಗಿಲ್ಲ, ಚಪ್ಪಲಿಯಿಲ್ಲ. ಹೋಗಿಯೇಬಿಟ್ಟಳು ಎಂದುಕೊಂಡು ಕತ್ತರಿಯಕ್ಕ ಮೆಷಿನ್ನಿನ ಮುಂದೆ ಕೂತಳು. ಇನ್ನು ಆ ಬಸ್ಸು ಸ್ಟೇಷನ್ನಿಗೆ ಹೋದರೆಷ್ಟು, ಹಾಳುಬಾವಿಗೆ ಹೋದರೆಷ್ಟು? ಹೊರಗೆ ಹಾರ್ನ್ ಕೂಗಿತು. ಜನರಿಗೆ ಕೊಟ್ಟ ಮಾತಾದರೂ ಉಳಿಯಲಿ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೂದಲು ಗಂಟು ಹಾಕಿಕೊಳ್ಳುತ್ತ ಬಾಗಿಲಿಗೆ ಬಂದಳು.

ಬಸ್ಸು ತುಂಬಿತ್ತು. ಮೇಷ್ಟ್ರು, ಬೇಕರಿಯವನು, ಜಡೆ ಹಾಕಿದ ಮಗು, ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಬಾಗಿಲ ಬಳಿ, ಅವಳದೇ ಜಾಗದಲ್ಲಿ, ಬ್ಯಾಗು ನೇತುಹಾಕಿಕೊಂಡು ಮಗಳು ನಿಂತಿದ್ದಳು.

"ತಡೀರಿ, ಚಪ್ಪಲಿ ಹಾಕ್ಕೊಂಡು ಬಂದೆ!" ಎಂದು ಕತ್ತರಿಯಕ್ಕ ಒಂದೇ ಉಸಿರಿಗೆ ಕೂಗಿದಳು.

ಮಗಳು ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಟಿಯ ತುದಿಯಲ್ಲಿ ನಗು ಕಂಡೂ ಕಾಣದ ಹಾಗಿತ್ತು.

"ಹೊರಡಿ, ತಾತ," ಎಂದಳು.

ತಾತ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿ ಗೇರು ಹಾಕಿದ. ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿತು. ತಿರುವಿನಲ್ಲಿ ಮಗಳು ಅರ್ಧ ಮೈ ಹೊರಹಾಕಿ ಕೂಗಿದಳು: "ಸಂಜೆ ಬರ್ತೀನಮ್ಮಾ! ದಿನಾ ಬರ್ತೀನಿ!"

ಬರಿಗಾಲಲ್ಲಿ ನಡುಬೀದಿಯಲ್ಲಿ ನಿಂತ ಕತ್ತರಿಯಕ್ಕ, ತನ್ನನ್ನು ಬಿಟ್ಟು ಹೋಗುತ್ತಿರುವ ಬಸ್ಸಿಗೆ ಎರಡೂ ಕೈಯೆತ್ತಿ, "ಹೋಗ್ರಪ್ಪಾ, ಹೋಗಿ, ಬೇಗ ಹೋಗಿ, ರೈಲು ತಪ್ಪತ್ತೆ!" ಎಂದು ಅಳುತ್ತ ನಗುತ್ತ ಕೂಗುತ್ತಲೇ ಇದ್ದಳು.