ಎರಡನೇ ಕರೆ

ಪೇಟೆಂಟುಗಳಿಗೂ ಕುಟುಂಬ ಇರುತ್ತದೆ ಎಂದು ನನಗೆ ಗೊತ್ತಾದದ್ದು ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಒಂದು ಹೊಸ ಯುಕ್ತಿಗೆ ಯಾವುದೋ ದೇಶದಲ್ಲಿ ಮೊದಲ ಅರ್ಜಿ ಬೀಳುತ್ತದೆ. ಆಮೇಲೆ ಅದೇ ಯುಕ್ತಿ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ನಂಬರು ಹೊತ್ತು ಹುಟ್ಟುತ್ತಾ ಹೋಗುತ್ತದೆ. ಇವೆಲ್ಲ ಸೇರಿ ಒಂದು ಕುಟುಂಬ. ಮೊದಲನೆಯದು ಹುಟ್ಟುವ ಮುಂಚೆಯೇ ಆ ಯುಕ್ತಿ ಜನಕ್ಕೆ ಗೊತ್ತಿತ್ತು ಎಂದು ತೋರಿಸಿಬಿಟ್ಟರೆ ಇಡೀ ಮನೆತನ ಅಲುಗಾಡುತ್ತದೆ. ಹಾಗೆ ತೋರಿಸುವ ಹಳೆಯ ಪುರಾವೆಗೆ ನಮ್ಮ ಆಫೀಸಿನಲ್ಲಿ ಪ್ರಯರ್ ಆರ್ಟ್ ಎನ್ನುತ್ತಿದ್ದರು. ಅದನ್ನು ಹುಡುಕುವುದೇ ನನ್ನ ನೌಕರಿ. ನನಗೆ ಯಾರ ಮಾತಿನ ಮೇಲೂ ಸುಲಭಕ್ಕೆ ನಂಬಿಕೆ ಹುಟ್ಟುವುದಿಲ್ಲ, ಹಾಗಾಗಿ ಈ ಕೆಲಸ ನನಗೆ ಚೆನ್ನಾಗಿಯೇ ಒಗ್ಗಿತ್ತು.

ತೊಂಬತ್ತರ ದಶಕದ ಮೊದಮೊದಲಿಗೆ ನನ್ನ ಮೇಜಿಗೆ ಒಂದು ಫೈಲು ಬಂತು. ದನಿ ಕೇಳಿ ತೆರೆದುಕೊಳ್ಳುವ ಬೀಗ. ಅದರ ಪೇಟೆಂಟನ್ನು ಒಂದು ಸಣ್ಣ ಬೀಗದ ಕಾರ್ಖಾನೆಯ ಪರವಾಗಿ ನಾವು ವಿರೋಧಿಸಬೇಕಿತ್ತು. ಕಳ್ಳನೊಬ್ಬ ಯಜಮಾನನ ದನಿಯನ್ನು ಟೇಪಿನಲ್ಲಿ ಹಿಡಿದು ತಂದು ಬೀಗಕ್ಕೆ ಕೇಳಿಸಿದರೆ ಏನು ಗತಿ? ಅದಕ್ಕೆ ಪೇಟೆಂಟು ಪಡೆದ ವಿದೇಶಿ ಕಂಪನಿಯವರು ಉಪಾಯ ಬರೆದಿದ್ದರು. ಯಂತ್ರ ಒಂದೇ ಮಾತನ್ನು ಎರಡು ಸಲ ಹೇಳಿಸುತ್ತದೆ. ಎರಡೂ ಸಲ ದನಿ ಕೂದಲೆಳೆಯಷ್ಟೂ ಬದಲಾಗದಿದ್ದರೆ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ಬದುಕಿರುವ ಮನುಷ್ಯ ಒಂದೇ ಮಾತನ್ನು ಎರಡು ಸಲ ಒಂದೇ ರೀತಿ ಆಡಲಾರ.

ಆ ಸಾಲನ್ನು ನಾನು ಮತ್ತೊಮ್ಮೆ ಓದಿದೆ. ಈ ಮಾತನ್ನು ನಾನು ಚಿಕ್ಕವಳಿದ್ದಾಗ ಮಣ್ಣೂರಿನಲ್ಲಿ ಆಯಿಯ ಬಾಯಿಂದ ಕೇಳಿದ್ದೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ನಾವಿದ್ದದ್ದು ಆಳಂದದಲ್ಲಿ. ಬೇಸಿಗೆ ರಜೆ ಬಂತೆಂದರೆ ಅಪ್ಪ ನನ್ನನ್ನು ಅಫಜಲಪುರದ ಮೇಲೆ ಹಾಯ್ದು ಮಣ್ಣೂರಿಗೆ ಕರೆದೊಯ್ದು ಬಿಟ್ಟುಬರುತ್ತಿದ್ದರು. ಅದು ಭೀಮೆಯ ದಂಡೆಯ ಊರು. ಹೊಳೆಪಾಲಾದವರಲ್ಲಿ ಕೆಲವರ ಹೆಣ ಸಿಗುತ್ತಿತ್ತು, ಕೆಲವರದು ಸಿಗುತ್ತಿರಲಿಲ್ಲ. ಸಿಗದವರು ಮಟಮಟ ಮಧ್ಯಾಹ್ನ ಬಂದು ತಮ್ಮ ಮನೆಯ ಬಾಗಿಲಲ್ಲಿ ನಿಂತು ಕರೆಯುತ್ತಾರೆ, ಓ ಎಂದವರನ್ನು ಜೊತೆಗೆ ಒಯ್ಯುತ್ತಾರೆ ಎಂದು ಊರಿಗೆ ಊರೇ ನಂಬಿತ್ತು. ಅದಕ್ಕೇ ಅಲ್ಲಿ ಯಾರೂ ಮೊದಲ ಕರೆಗೆ ಓಗೊಡುತ್ತಿರಲಿಲ್ಲ. ಎರಡನೆಯದಕ್ಕೆ ಕಾಯುತ್ತಿದ್ದರು.

"ಜೀವಂತ ಇದ್ದೋರು ಎರಡನೇ ಸಲ ಕರೀಬೇಕಾದ್ರ ದನಿ ಬದಲಾಗ್ತದ," ಎನ್ನುತ್ತಿದ್ದಳು ಆಯಿ. "ಸಿಟ್ಟರೆ ಬರ್ತದ, ದಣಿವರೆ ಬರ್ತದ. ಸತ್ತೋರಿಗಿ ಏನೂ ಬರಂಗಿಲ್ಲ. ಮೊದಲ ಹ್ಯಾಂಗ ಕರದಿರ್ತಾರ, ಹಂಗೇ ಕರೀತಾರ."

ಮುತ್ಯಾ, ಅಂದರೆ ನನ್ನ ಅಜ್ಜ, ಹೊಲದಿಂದ ಬಂದು "ಏ, ಒಳಗ ಅದೀಯೇನ?" ಎಂದು ಕರೆಯುತ್ತಿದ್ದ. ಹೆಂಡತಿಯ ಹೆಸರು ಹಿಡಿಯುವ ಪದ್ಧತಿ ಇರಲಿಲ್ಲ. ಎರಡನೇ ಸಲ ಮಾತ್ರ "ಏ ಕಿವುಡಿ, ಕೇಳಸಂಗಿಲ್ಲೇನ?" ಎಂದು ಗದರಿಕೆ ಬೀಳುತ್ತಿತ್ತು. ಆಗ ಆಯಿ ನಗುತ್ತ ಅಗಳಿ ಸರಿಸುತ್ತಿದ್ದಳು. ಬೈಸಿಕೊಳ್ಳುವ ಆಸೆಗೇ ಅವಳು ಕಾಯುತ್ತಾಳೆ ಎಂದು ನನಗೆ ಅನುಮಾನವಿತ್ತು.

ಒಂದು ಶ್ರಾವಣದಲ್ಲಿ ಮುತ್ಯಾ ಎತ್ತು ನೋಡಿ ಬರುತ್ತೇನೆಂದು ಹರಗೋಲು ಹತ್ತಿ ಆಚೆ ದಂಡೆಗೆ ಹೊರಟ. ಹೊಳೆ ತುಂಬಿತ್ತು, ನಡುವೆ ಹರಗೋಲು ಮಗುಚಿತು. ಅಂಬಿಗನ ಹೆಣ ಸಿಕ್ಕಿತು, ಮುತ್ಯಾನದು ಸಿಗಲಿಲ್ಲ. ಬಂಧುಗಳು ಬಂದು ಕ್ರಿಯೆ ಮುಗಿಸೋಣ ಎಂದರು. ಆಯಿ ಒಪ್ಪಲಿಲ್ಲ. "ಹೆಣ ತೋರಸ್ರಿ, ಬಳಿ ಒಡಕೋತೀನಿ," ಎಂದಳು. ಎಲ್ಲೋ ದಂಡೆ ಸೇರಿದ್ದಾನೆ, ಬಂದೇ ಬರುತ್ತಾನೆ ಎಂದು ಊಟದ ಹೊತ್ತಿಗೆ ಅವನ ರೊಟ್ಟಿ ತೆಗೆದಿಡುತ್ತಿದ್ದಳು. ಹೀಗೇ ಚಳಿಗಾಲ ಕಳೆದು ಬೇಸಿಗೆ ಬಂತು, ನಾನೂ ಬಂದೆ.

ಜೇವರ್ಗಿಯಲ್ಲಿ ನನ್ನ ಕಾಕಾನ ರೇಡಿಯೊ ರಿಪೇರಿ ಅಂಗಡಿ ಇತ್ತು. ಅವನು ಆಯಿಯ ಕಿರಿಯ ಮಗ. ಹಿಂದೊಮ್ಮೆ ಹಬ್ಬಕ್ಕೆ ಟೇಪ್ ರೆಕಾರ್ಡರ್ ತಂದಿದ್ದಾಗ ಮುತ್ಯಾನ ಕೈಲಿ ಬಾಗಿಲಲ್ಲಿ ಕರೆಯುವ ಹಾಗೇ ಕರೆಸಿ ದನಿ ಹಿಡಿದಿದ್ದ. ಆಮೇಲೆ ಅದನ್ನು ಯಾರೂ ಹಾಕಿ ಕೇಳಿರಲಿಲ್ಲ.

ಆ ಬೇಸಿಗೆಯ ಒಂದು ಮಧ್ಯಾಹ್ನ, ಬಿಸಿಲಿಗೆ ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಆಯಿ ಬಾಗಿಲು ಹಾಕಿಕೊಂಡು ತೊಗರಿಬೇಳೆಯಲ್ಲಿ ಹಳ್ಳು ಆರಿಸುತ್ತಿದ್ದಳು, ನಾನು ಅವಳ ತೊಡೆಗೆ ತಲೆಯಿಟ್ಟು ಮಲಗಿದ್ದೆ. ಹೊರಗೆ ಮುತ್ಯಾನ ದನಿ ಕೇಳಿತು.

"ಏ, ಒಳಗ ಅದೀಯೇನ?"

ಆಯಿ ನನ್ನ ತಲೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿ ಎದ್ದಳು. ಬಾಗಿಲ ಹತ್ತಿರ ಹೋಗಿ ಅಗಳಿಯ ಮೇಲೆ ಕೈಯಿಟ್ಟು ನಿಂತಳು. ನಾನೂ ಅವಳ ಸೆರಗು ಹಿಡಿದು ಹಿಂದೆ ಹೋದೆ. ಎರಡನೇ ಕರೆ ಬಂತು. "ಏ, ಒಳಗ ಅದೀಯೇನ?" ಅದೇ ರಾಗ, ಅದೇ ಎಳೆತ. ಗದರಿಕೆ ಇರಲಿಲ್ಲ. ನಾನು ಖುಷಿಯಿಂದ ಓ ಎನ್ನಲು ಬಾಯಿ ತೆರೆದೆ. ಆಯಿಯ ಅಂಗೈ ಬಂದು ನನ್ನ ಬಾಯಿ ಒತ್ತಿ ಹಿಡಿಯಿತು. ಬೇಳೆಯ ಹಿಟ್ಟಿನ ವಾಸನೆ ನನಗೆ ಇನ್ನೂ ನೆನಪಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಅಗಳಿಯಿಂದ ಕೈ ತೆಗೆದು, "ಹೋಗ್ಯಾರ," ಎಂದಳು. ಒಳಗೆ ಬಂದು ಬೀಸುಕಲ್ಲಿಗೆ ಕೈ ಬಡಿದು ಹಸಿರು ಬಳೆ ಒಡೆದುಕೊಂಡಳು.

ಹೊರಗೆ ಕಟ್ಟೆಯ ಮೇಲೆ ಕಾಕಾ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ. ತಾಯಿಗೆ ಅಪ್ಪನ ದನಿ ಕೇಳಿಸಿ ಸಮಾಧಾನ ಮಾಡಲು ಬಂದಿದ್ದನಂತೆ. ಎಲ್ಲರೂ ಅವನನ್ನು ಹಿಡಿಹಿಡಿದು ಬೈದರು. ಎರಡೆರಡು ಸಲ ಟೇಪು ಹಾಕಿ ಹೆತ್ತತಾಯಿಯ ಬಳೆ ಒಡೆಸಿದ ಎಂದರು. ಅದು ಬರೀ ಟೇಪು ಎಂದು ಆಯಿಗೆ ಎಷ್ಟು ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಕಾ ತುಟಿ ಪಿಟಕ್ಕೆನ್ನದೆ ಎಲ್ಲ ಬೈಗುಳ ನುಂಗಿಕೊಂಡ.

ನನ್ನ ಸಾಹೇಬರಿಗೆ ಈ ಕಥೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಒಂದು ಊರಿನ ಜನ ಮುಂಚೆಯಿಂದ ಬಳಸುತ್ತಿದ್ದ ಯುಕ್ತಿ, ಮೇಲಾಗಿ ಅದಕ್ಕೆ ಟೇಪೇ ಸಿಕ್ಕಿಬಿದ್ದ ಪ್ರಸಂಗ. ವಾದ ನಿಲ್ಲುತ್ತದೋ ಬಿಡುತ್ತದೋ, ನಿಮ್ಮ ಕಾಕಾನ ಅಫಿಡವಿಟ್ ಒಂದು ತನ್ನಿ, ಎರಡೂ ಸಲ ಟೇಪು ಹೇಗೆ ನುಡಿಸಿದರು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ ಎಂದರು. ನಾನು ಜೇವರ್ಗಿಯ ಬಸ್ಸು ಹತ್ತಿದೆ. ನಮ್ಮ ಆಯಿ ಒಂದು ವಿದೇಶಿ ಕುಟುಂಬವನ್ನು ಕೆಡವಿಹಾಕುತ್ತಾಳೆ ಎಂದು ದಾರಿಯುದ್ದಕ್ಕೂ ನನಗೆ ಒಳಗೊಳಗೇ ಹೆಮ್ಮೆ.

ಆಯಿ ಆಗ ಕಾಕಾನ ಮನೆಯಲ್ಲೇ ಇದ್ದಳು. ಅಂಗಡಿಯ ಹಿಂಭಾಗವೇ ಮನೆ. ಅವಳು ನಡುವಿನ ಹೊಸ್ತಿಲ ಮೇಲೆ ಕೂತು, ಹಾಳಾದ ರೇಡಿಯೊಗಳ ನಡುವೆ ಮೊರದಲ್ಲಿ ಏನೋ ಆರಿಸುತ್ತಿದ್ದಳು. ನಾನು ವಿಷಯ ಹೇಳಿ ಪೆನ್ನು ತೆಗೆದೆ.

"ಕಾಕಾ, ಮೊದಲನೇ ಸಲ ಹಾಕಿದಿ. ಆಮ್ಯಾಲೆ ತಿರುಗಿ ಹಾಕಲಾಕ ಎಷ್ಟೊತ್ತು ಹಿಡೀತು?"

ಕಾಕಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಹಾಕಿಲ್ಲ," ಎಂದ.

"ಅಂದ್ರ?"

"ಒಳಗ ಹೋಗೂಕಿಂತ ಮೊದಲ ಟೇಪ್ ಚಲೋ ಅದನೋ ಇಲ್ಲೋ ನೋಡೂಣು ಅಂತ ಕಟ್ಟಿ ಮ್ಯಾಲ ಕುಂತು ಹಚ್ಚಿದೆ. ಅಪ್ಪನ ದನಿ ಜೋರಲೇ ಬಂತು. ಅಂಜಿಕಿ ಬಂದು ಬಂದ್ ಮಾಡಿಬಿಟ್ಟೆ. ಸೆಲ್ ಸೈತ ತಗದಿದ್ದೆ. ಸೆಲ್ ಕೈಯಾಗ ಇದ್ದಾಗ ಎರಡನೇ ಸಲ ಕೇಳ್ಸ್ತು. ನನ್ನ ಬಾಜೂಕಿಂದ." ಅವನು ನನ್ನ ಮುಖ ನೋಡಲಿಲ್ಲ. "ಇದನ್ನ ಬರ್ದು ಸಹಿ ಮಾಡು ಅಂದ್ರ ಹ್ಯಾಂಗ ಮಾಡ್ಲಿ? ಯಾರ್ ಕರದ್ರು ಅಂತ ಬರೀಲಿ?"

ನಾನು ಆಯಿಯ ಕಡೆ ತಿರುಗಿದೆ. ಅವಳು ಮೊರದಿಂದ ತಲೆ ಎತ್ತದೆ ಹೇಳಿದಳು.

"ಮೊದಲನೇದು ಮಷೀನ್ ಅಂತ ನನಗ ಗೊತ್ತಿತ್ತು. ಅದರಾಗ ಸರ್ರ್ ಅಂತ ಸಪ್ಪಳ ಇತ್ತು. ಎರಡನೇದರಾಗ ಸಪ್ಪಳ ಇರಲಿಲ್ಲ. ಅವರೇ ಬಂದಿದ್ರು. ಬದಕಿದ್ರ ಬೈತಿದ್ರು. ಬೈಲಿಲ್ಲ."

ಅಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡ ಮೇಲೆ ಅವಳು ಇದನ್ನು ಇಷ್ಟು ಸಪ್ಪಗೆ ಹೇಳಬೇಕೇ ಎಂದು ನನಗೆ ಅಳು ಬಂತು. "ಬಾಗಿಲು ತಗೀಬೇಕು ಅನಿಸಲಿಲ್ಲೇನು ಆಯಿ?" ಎಂದೆ.

"ಅನಿಸ್ತು. ಎರಡನೇದು ಕೇಳಿದ ಕೂಡ್ಲೇ ಅವರ ಹಿಂದ ಹೋಗಬೇಕಂತ ಅಗಳಿ ಸರಸಲಾಕ ಹತ್ತಿದ್ದೆ." ಈಗ ಅವಳು ನನ್ನನ್ನು ನೋಡಿದಳು. "ಆದ್ರ ಒಳಗ ಅದೀಯೇನ ಅಂತ ಕೇಳ್ದಾಗ ನೀ ಬಾಯಿ ತಗದಿ. ಇಬ್ಬರಾಗ ಒಬ್ಬರನ್ನ ಇಟಗೋಬೇಕಿತ್ತು ಬೇ. ನಿನ್ನ ಇಟಗೊಂಡೆ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಒಳಗಿನಿಂದ ಕಾಕಾನ ಹೆಂಡತಿ ಚಹಾಕ್ಕೆ ಬರ್ರಿ ಎಂದು ಕರೆದಳು. ಯಾರೂ ಅಲುಗಾಡಲಿಲ್ಲ. ಅವಳು ಎರಡನೇ ಸಲ, ಚಹಾ ಆರಿ ಹೋಗ್ತದ, ಕಿವಿ ಕೇಳಸಂಗಿಲ್ಲೇನ ಎಂದು ಸಿಟ್ಟಿನಿಂದ ಕರೆದ ಮೇಲೆ ಎದ್ದು ಒಳಗೆ ಹೋದೆವು.