ಪಾ ವಾಂಡಿಯವರ ‘ನಾನು’
ಪಾ ವಾಂಡಿ ಯಾರೆಂದು ಕೇಳಿದರೆ ಸಿಯೆರಾ ಲಿಯೋನ್ ದೇಶದ ಫ್ರೀಟೌನ್‌ನ ನಮ್ಮ ಬೀದಿಯಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ, ಅವರಿಗಂತೂ ಮೊದಲೇ ಬರುವುದಿಲ್ಲ. ಹಿರಿಯರಾದ್ದರಿಂದ ಎಲ್ಲರಿಗೂ ಅವರು ‘ಪಾ’; ಯುದ್ಧಾಪರಾಧಗಳ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದುಭಾಷಿ. ಯಾರ ಮಾತನ್ನು ಹೇಳಿದರೂ ‘ನಾನು’ ಎಂದೇ ಹೇಳಬೇಕೆಂಬುದು ಅಲ್ಲಿಯ ನಿಯಮ. ಬೆಳಿಗ್ಗೆ ಸಾಕ್ಷಿ ಹೆಂಗಸಾಗಿ ‘ನನ್ನನ್ನು ಕಾಡಿಗೆ ಎಳೆದುಕೊಂಡು ಹೋಗಿ ಕೆಡಿಸಿದರು’ ಎನ್ನುತ್ತಾರೆ. ಊಟವಾದ ಮೇಲೆ ಅದೇ ಗಂಟಲಲ್ಲಿ ಆರೋಪಿ ಕಮಾಂಡರ್ ಆಗಿ ‘ನಾನು ಅವಳನ್ನು ಮದುವೆಯಾಗಿದ್ದೆ, ಸ್ವಾಮಿ’ ಎನ್ನುತ್ತಾರೆ. ನಡುವೆ ಬಾಯಿಗೆ ನೀರು ತುಂಬಿಕೊಂಡು ಮುಕ್ಕಳಿಸುತ್ತಾರೆ, ಆದರೂ ಯಾರ ಮಾತು ಬಾಯಲ್ಲಿ ಉಳಿಯಿತೆಂದು ತಿಳಿಯುವುದಿಲ್ಲ. ಸಂಜೆ ಸಂತೆಯಲ್ಲಿ ಮೀನಿನವಳು ‘ನಾನು ಸುಳ್ಳು ಹೇಳೋಳಲ್ಲ’ ಎಂದರೆ, ಇವರು ಹೆಂಡತಿಯ ಕಡೆ ತಿರುಗಿ ‘ನಾನು ಸುಳ್ಳು ಹೇಳೋಳಲ್ಲ’ ಎಂದುಬಿಡುತ್ತಾರೆ. ‘ಪಾ, ನೀವು ಯಾರ ಕಡೆಯೋರು?’ ಎಂದು ಮೀನಿನವಳು ನಕ್ಕರೆ, ‘ಅದೇ ಗೊತ್ತಾಗ್ತಿಲ್ಲ ಕಣಮ್ಮ’ ಎಂದು ಬೆವರು ಒರೆಸಿಕೊಳ್ಳುತ್ತಾರೆ. ಕಳೆದ ಭಾನುವಾರ ನಾವು ನೆರೆಯವರು ಅವರ ಮನೆಯಲ್ಲಿ ಮರಗೆಣಸಿನ ಸೊಪ್ಪಿನ ಸಾರು, ಅನ್ನ ಉಣ್ಣುತ್ತಿದ್ದೆವು. ಬಡಿಸುತ್ತಿದ್ದವಳು ಅವರ ತಂಗಿ ಜೆನೆಬಾ. ಯುದ್ಧದಲ್ಲಿ ಅವಳನ್ನೂ ಹೊತ್ತುಕೊಂಡು ಹೋಗಿದ್ದರು. ನಾವು ಕೇಳಿಲ್ಲ, ಅವಳು ಹೇಳಿಲ್ಲ. ಸೌಟು ಹಿಡಿದುಕೊಂಡೇ ಅವಳು, ‘ಅಣ್ಣಾ, ಊರೋರದ್ದೆಲ್ಲಾ ಹೇಳ್ತೀಯಲ್ಲ, ನಂದೂ ಒಂದ್ಸಲ ಹೇಳು. ನನ್ ಬಾಯಲ್ಲಿ ಬರಲ್ಲ, ನಿನ್ ಬಾಯಲ್ಲಾದ್ರೂ ಕೇಳ್ತೀನಿ’ ಎಂದಳು. ಪಾ ವಾಂಡಿ ಕೋರ್ಟಿನಲ್ಲಿ ಕೂರುವಂತೆ ನೆಟ್ಟಗೆ ಕೂತು ಬಾಯಿ ತೆರೆದರು. ‘ನಾನು’ ಎನ್ನಹೋದರೆ ‘ಅವಳು...’ ಎಂದು ಬಂತು. ತಡವರಿಸಿ ಮತ್ತೆ ತೆರೆದರು, ಮತ್ತೂ ‘ಅವಳು...’ ಎಂದೇ ಬಂತು. ‘ಅಯ್ಯೋ, ನಿಂಗೂ ಬರಲ್ವಾ’ ಎಂದು ಜೆನೆಬಾ ಅಣ್ಣನ ಲೋಟಕ್ಕೆ ನೀರು ಸುರಿದಳು.